ಮೊಳಕಾಲ್ಮೂರು ಕಳಿಸಿದ ಮುಖ್ಯಮಂತ್ರಿ

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ತಳುಕು, ಬಿ.ಜಿ.ಕೆರೆ ದಾಟಿ ಹಾನಗಲ್ ಬಳಿ ಒಳಕ್ಕೆ ಹೊರಳಿದರೆ ಮೊಳಕಾಲ್ಮೂರು. ಈ ದಾರಿಯಲ್ಲಿ ನಾನು ನಲವತ್ತು ವರ್ಷಗಳಿಂದ ಓಡಾಡುತ್ತಿದ್ದೇನೆ. ಮಳೆ ಬಂದ ವರ್ಷ ಎರಡೂ ಬದಿಯಲ್ಲಿ ಶೇಂಗಾ ಹಸಿರಾಗಿರುತ್ತದೆ; ಬಾರದ ವರ್ಷ ಕಲ್ಲು, ಜಾಲಿ ಮತ್ತು ಆಕಾಶ. ಬಾರದ ವರ್ಷಗಳೇ ಹೆಚ್ಚು.

ಕಳೆದ ಬಾರಿ ಹೋದಾಗ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಪದವಿ ಓದುತ್ತಿರುವ ಹುಡುಗನೊಬ್ಬ ಮಾತಿಗೆ ಸಿಕ್ಕ. ಚುನಾವಣೆಯ ವಿಷಯ ಬಂತು. ಇತಿಹಾಸದ ಮೇಷ್ಟ್ರಾಗಿ ನಿವೃತ್ತನಾದವನ ಚಾಳಿ. ನಾನು ಅವನಿಗೊಂದು ಪ್ರಶ್ನೆ ಹಾಕಿದೆ: ‘ನಿಮ್ಮ ಕ್ಷೇತ್ರದ ಶಾಸಕರೊಬ್ಬರು ಈ ರಾಜ್ಯದ ಮುಖ್ಯಮಂತ್ರಿಯಾಗಿದ್ದರು, ಯಾರು ಹೇಳು?’ ಹುಡುಗ ಈಚಿನ ಎರಡು ಮೂರು ಹೆಸರು ಹೇಳಿ, ನನ್ನ ಮುಖ ನೋಡಿ ನಿಲ್ಲಿಸಿದ. ಎಸ್. ನಿಜಲಿಂಗಪ್ಪ ಎಂದಾಗ ಅವನಿಗೆ ನಂಬಿಕೆ ಬರಲಿಲ್ಲ. ‘ಅವರು ಚಿತ್ರದುರ್ಗದವರಲ್ವಾ ಸಾರ್? ಇಲ್ಲಿಗೆ ಯಾಕೆ ಬಂದ್ರು? ಬಂದು ಏನ್ ಮಾಡಿದ್ರು?’ ಎಂದ.

ಹುಡುಗ ಕೇಳಿದ ಕೊನೆಯ ಪ್ರಶ್ನೆ ನನ್ನ ಜೊತೆಯಲ್ಲೇ ಊರಿಗೆ ಬಂತು. ಉತ್ತರಿಸುವುದು ಅಷ್ಟು ಸುಲಭವಲ್ಲ. ಹಿರಿಯ ರಾಜಕಾರಣಿಯೊಬ್ಬರ ಬದುಕನ್ನು ನಾವು ಸಾಮಾನ್ಯವಾಗಿ ಜಯಂತಿಯ ಭಾಷಣಗಳಲ್ಲಿ ಅಳೆಯುತ್ತೇವೆ. ಅವರನ್ನು ಆರಿಸಿ ಕಳಿಸಿದ ಒಂದು ಬಡ ತಾಲ್ಲೂಕಿನಲ್ಲಿ ನಿಂತು ಅಳೆದರೆ ಲೆಕ್ಕ ಬೇರೆಯೇ ಆಗುತ್ತದೆ.

ಗಡಿಯ ಮನುಷ್ಯ, ಗಡಿಯ ತಾಲ್ಲೂಕು

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹಲುವಾಗಲು ಎಂಬ ಹಳ್ಳಿಯಲ್ಲಿ. ಆಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಓದಿದ್ದು ಮೈಸೂರು ಸಂಸ್ಥಾನದ ದಾವಣಗೆರೆ, ಚಿತ್ರದುರ್ಗ ಮತ್ತು ಬೆಂಗಳೂರಿನಲ್ಲಿ. ಕಾನೂನು ಕಲಿತದ್ದು ಮುಂಬಯಿ ಪ್ರಾಂತ್ಯದ ಪುಣೆಯಲ್ಲಿ. ಒಬ್ಬ ಕನ್ನಡದ ಹುಡುಗ ವಕೀಲನಾಗುವ ಹೊತ್ತಿಗೆ ಮೂರು ಆಡಳಿತಗಳ ಗಡಿ ದಾಟಿರುತ್ತಿದ್ದ. ಕರ್ನಾಟಕ ಏಕೀಕರಣವೆಂಬುದು ಅವರಿಗೆ ಸಭೆಯ ಠರಾವಿಗಿಂತ ಮೊದಲು ಬಾಲ್ಯದ ಅನುಭವವೇ ಆಗಿತ್ತು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಅವರನ್ನು ಗಾಂಧೀಜಿಯ ಕಡೆಗೆ ಸೆಳೆಯಿತು. ಹರ್ಡೇಕರ್ ಮಂಜಪ್ಪನವರ ಪ್ರಭಾವವೂ ಇತ್ತು. ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತಲೇ ಚಳವಳಿಗೆ ಇಳಿದರು. ಚಳ್ಳಕೆರೆಗೆ ದೂರವೇನೂ ಅಲ್ಲದ ತುರುವನೂರಿನಲ್ಲಿ 1939ರಲ್ಲಿ ನಡೆದ ಈಚಲು ಮರ ಕಡಿಯುವ ಸತ್ಯಾಗ್ರಹ ಅವರನ್ನು ಜೈಲಿಗೆ ಕಳಿಸಿತು. ಮುಂದೆ ಪ್ರದೇಶ ಕಾಂಗ್ರೆಸ್‌ನ ಅಧ್ಯಕ್ಷತೆ, ಸಂವಿಧಾನ ರಚನಾ ಸಭೆಯ ಸದಸ್ಯತ್ವ, 1952ರಲ್ಲಿ ಚಿತ್ರದುರ್ಗದಿಂದ ಮೊದಲ ಲೋಕಸಭೆ. 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯ ಉದಯವಾದಾಗ ಅದರ ಮೊದಲ ಮುಖ್ಯಮಂತ್ರಿ ಅವರೇ. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಅದೇ ವರ್ಷದ ಆಗಸ್ಟ್‌ನಲ್ಲಿ ಅಧಿಕಾರ ಬಿಟ್ಟಿದ್ದರು. ನಡುವಿನ ಕೆಲವು ವಾರ ಕಡಿದಾಳ್ ಮಂಜಪ್ಪನವರು ನಡೆಸಿದ್ದರು.

ಮರುವರ್ಷ, 1957ರಲ್ಲಿ, ವಿಧಾನಸಭೆಗೆ ಚುನಾವಣೆ. ಸಂಸದರಾಗಿದ್ದ ಮುಖ್ಯಮಂತ್ರಿಗೆ ಒಂದು ಕ್ಷೇತ್ರ ಬೇಕು. ಅವರು ನಿಂತದ್ದು, ಗೆದ್ದದ್ದು ಮೊಳಕಾಲ್ಮೂರಿನಿಂದ.

ಆಗಿನ ಭೂಪಟವನ್ನು ನೋಡಿದವರಿಗೆ ಈ ಆಯ್ಕೆಯಲ್ಲಿ ಒಂದು ಔಚಿತ್ಯ ಕಾಣುತ್ತದೆ. ಹಳೆಯ ಮೈಸೂರು ಸಂಸ್ಥಾನದ ಉತ್ತರದ ತುದಿ ಮೊಳಕಾಲ್ಮೂರು. ಬ್ರಿಟಿಷ್ ಬಳ್ಳಾರಿ ಜಿಲ್ಲೆಯೊಳಕ್ಕೆ ಚಾಚಿದ ಬೆರಳಿನಂತೆ ಅದಿತ್ತು. ಪಕ್ಕದ ರಾಯದುರ್ಗ ಮದರಾಸಿಗೆ ಸೇರಿತ್ತು, 1953ರಲ್ಲಿ ಆಂಧ್ರಕ್ಕೆ ಹೋಯಿತು. ಅದೇ ವರ್ಷ ಬಳ್ಳಾರಿಯ ಬಹುಭಾಗ ಮೈಸೂರಿಗೆ ಬಂತು. ಇಲ್ಲಿ ಕನ್ನಡವನ್ನು ಮಾತಾಡುವವರು ತೆಲುಗಿನಲ್ಲಿ ಸಂಬಂಧ ಬೆಳೆಸುತ್ತಾರೆ. ಹೆಣ್ಣು ತರುವುದು ರಾಯದುರ್ಗದಿಂದ, ಕೊಡುವುದು ಕೂಡ್ಲಿಗಿಗೆ. ರಾಜ್ಯಗಳ ಗೆರೆ ಬದಲಾದರೂ ನೆಂಟಸ್ತಿಕೆಯ ಗೆರೆ ಬದಲಾಗಲಿಲ್ಲ. ಗಡಿಯಾಚೆ ಹುಟ್ಟಿ ಗಡಿಗಳನ್ನು ಅಳಿಸಲು ದುಡಿದ ಮನುಷ್ಯನಿಗೆ ಮತ ಹಾಕಲು ಇದಕ್ಕಿಂತ ತಕ್ಕ ತಾಲ್ಲೂಕು ಇರಲಿಕ್ಕಿಲ್ಲ.

ಜೋಡೆತ್ತಿನ ಪೆಟ್ಟಿಗೆ

ನಮ್ಮ ತಾತ ಆ ಚುನಾವಣೆಯಲ್ಲಿ ಮತ ಹಾಕಿದವರು. ಅವರಿಗೆ ಓದು ಬರುತ್ತಿರಲಿಲ್ಲ. ಆಗ ಇನ್ನೂ ಒಂದೇ ಮತಪತ್ರದಲ್ಲಿ ಗುರುತು ಒತ್ತುವ ಪದ್ಧತಿ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಚೀಟಿಯನ್ನು ತಮಗೆ ಬೇಕಾದ ಪೆಟ್ಟಿಗೆಗೆ ಹಾಕಬೇಕಿತ್ತು. ತಾತ ಜೋಡೆತ್ತಿನ ಪೆಟ್ಟಿಗೆಗೆ ಹಾಕಿದ್ದರು. ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುವ, ಎತ್ತಿಗೆ ಕೈಮುಗಿಯುವ ಸೀಮೆ ಇದು. ‘ಎತ್ತಿಗೆ ಹಾಕದೆ ಇನ್ಯಾತಕ್ಕೆ ಹಾಕಲಿ?’ ಎಂಬುದು ಅವರ ಸಮಜಾಯಿಷಿ. ಮುಖ್ಯಮಂತ್ರಿಗೆ ಮತ ಹಾಕಿದೆನೆಂಬ ಹೆಮ್ಮೆ ಕೊನೆಯವರೆಗೂ ಇತ್ತು. ‘ಅವರು ಗೆದ್ದ ಮೇಲೆ ಏನು ಬಂತು ತಾತಾ?’ ಎಂದು ನಾನು ಒಮ್ಮೆ ಕೇಳಿದ್ದೆ. ‘ಹೆಸರು ಬಂತು’ ಎಂದಿದ್ದರು. ಅದು ವ್ಯಂಗ್ಯವೋ ತೃಪ್ತಿಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೊಳಕಾಲ್ಮೂರಿನ ಶಾಸಕರಾಗಿ ಅವರು ಮುಖ್ಯಮಂತ್ರಿಯಾಗಿದ್ದದ್ದು ಸ್ವಲ್ಪ ಕಾಲ ಮಾತ್ರ. ಪಕ್ಷದೊಳಗಿನ ಭಿನ್ನಮತದಿಂದಾಗಿ 1958ರ ಮೇ ತಿಂಗಳಲ್ಲಿ ಅಧಿಕಾರ ಬಿಡಬೇಕಾಯಿತು, ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. 1962ರಲ್ಲಿ ನಿಜಲಿಂಗಪ್ಪನವರು ಮೊಳಕಾಲ್ಮೂರು ಬಿಟ್ಟು ಅದೇ ಜಿಲ್ಲೆಯ ಹೊಸದುರ್ಗಕ್ಕೆ ಹೋದರು. ಅಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಜಿ.ಟಿ. ರಂಗಪ್ಪನವರು ಅವರನ್ನು ಸೋಲಿಸಿದರು.

ಆ ಚುನಾವಣೆಯಲ್ಲಿ ಕಾಂಗ್ರೆಸ್ 208ರಲ್ಲಿ 138 ಸ್ಥಾನ ಗೆದ್ದಿತ್ತು. ಪಕ್ಷ ಗೆದ್ದಿತು, ನಾಯಕ ಸೋತರು. ಎಸ್.ಆರ್. ಕಂಠಿಯವರು ಮಾರ್ಚ್ ಮಧ್ಯದಲ್ಲಿ ಮುಖ್ಯಮಂತ್ರಿಯಾಗಿ, ಮೂರು ತಿಂಗಳು ಆಡಳಿತ ನಡೆಸಿ, ಜೂನ್‌ನಲ್ಲಿ ಜಾಗ ತೆರವು ಮಾಡಿದರು. ಬಿ.ಟಿ. ಮುರನಾಳರು ಬಾಗಲಕೋಟೆಯ ಸ್ಥಾನ ಬಿಟ್ಟುಕೊಟ್ಟರು. ನಿಜಲಿಂಗಪ್ಪನವರು ಅಲ್ಲಿಂದ ಆರಿಸಿ ಬಂದು ಜೂನ್ 21ರಂದು ಮತ್ತೆ ಮುಖ್ಯಮಂತ್ರಿಯಾದರು. ಕಂಠಿಯವರನ್ನು ಪಾದುಕೆ ಕಾದ ಭರತನಿಗೆ ಹೋಲಿಸುವುದು ವಾಡಿಕೆ. ಹೋಲಿಕೆ ಚೆಂದವೇ. ಆದರೆ ಅಯೋಧ್ಯೆಯಲ್ಲಿ ಮತದಾರರಿರಲಿಲ್ಲ. ಹೊಸದುರ್ಗದ ಮತದಾರ ‘ಬೇಡ’ ಎಂದದ್ದನ್ನು ಬಾಗಲಕೋಟೆಯ ಮತದಾರನಿಂದ ‘ಬೇಕು’ ಎನ್ನಿಸಿಕೊಂಡು ಬರುವುದು ನಿಯಮಕ್ಕೆ ಬದ್ಧವೇ ಹೌದು; ಮೂವತ್ತು ವರ್ಷ ತರಗತಿಯಲ್ಲಿ ಇದನ್ನು ಪಾಠ ಮಾಡಿದ ನನಗೆ ಮಾತ್ರ ಪ್ರತಿ ಸಲವೂ ಒಂದು ಸಣ್ಣ ಕಸಿವಿಸಿಯಾಗುತ್ತಿತ್ತು. 1967ರಲ್ಲಿ ಅವರು ಆರಿಸಿ ಬಂದದ್ದು ಶಿಗ್ಗಾವಿಯಿಂದ. ಮೊಳಕಾಲ್ಮೂರಿಗೆ ಮರಳಲಿಲ್ಲ.

ಕಠ್ಮಂಡುವಿನ ಇನ್ನೊಬ್ಬ ಹಿರಿಯ

ಈ ಸೋಲನ್ನು ನೆನೆದಾಗಲೆಲ್ಲ ನನಗೆ ನೇಪಾಳದ ಕೃಷ್ಣಪ್ರಸಾದ್ ಭಟ್ಟರಾಯ್ ನೆನಪಾಗುತ್ತಾರೆ. 1924ರಲ್ಲಿ ಬನಾರಸಿನಲ್ಲಿ ಹುಟ್ಟಿದವರು. ನೇಪಾಳಿ ಕಾಂಗ್ರೆಸ್‌ನ ಮೊದಲ ತಲೆಮಾರಿನವರು, 1959ರಲ್ಲಿ ಆ ದೇಶದ ಮೊದಲ ಚುನಾಯಿತ ಸಂಸತ್ತಿನ ಅಧ್ಯಕ್ಷರು. 1960ರ ಡಿಸೆಂಬರ್‌ನಲ್ಲಿ ರಾಜ ಮಹೇಂದ್ರ ಸಂಸತ್ತನ್ನು ಮುಚ್ಚಿಸಿದಾಗ ಬಿ.ಪಿ. ಕೊಯಿರಾಲಾ ಅವರೊಂದಿಗೆ ಸೆರೆಗೆ ಹೋಗಿ ವರ್ಷಗಟ್ಟಲೆ ಅಲ್ಲಿದ್ದರು. ಮೂವತ್ತು ವರ್ಷಗಳ ನಂತರ, 1990ರ ಜನಾಂದೋಲನಕ್ಕೆ ರಾಜ ಬೀರೇಂದ್ರ ಮಣಿದಾಗ, ಮಧ್ಯಂತರ ಪ್ರಧಾನಿಯಾದವರು ಭಟ್ಟರಾಯ್. ಆ ವರ್ಷದ ನವೆಂಬರ್‌ನಲ್ಲಿ ಹೊಸ ಸಂವಿಧಾನ ಜಾರಿಯಾಯಿತು, 1991ರ ಮೇ ತಿಂಗಳಲ್ಲಿ ಚುನಾವಣೆಯೂ ನಡೆಯಿತು. ನೇಪಾಳಿ ಕಾಂಗ್ರೆಸ್ 205ರಲ್ಲಿ 110 ಸ್ಥಾನ ಗೆದ್ದಿತು. ಚುನಾವಣೆ ನಡೆಸಿಕೊಟ್ಟ ಪ್ರಧಾನಿಯೇ ಕಠ್ಮಂಡುವಿನಲ್ಲಿ ಕಮ್ಯುನಿಸ್ಟ್ ನಾಯಕ ಮದನ್ ಭಂಡಾರಿಯವರ ಎದುರು ಸೋತರು.

ಇಲ್ಲಿಯೂ ಪಕ್ಷ ಗೆದ್ದಿತು, ನಾಯಕ ಸೋತರು. ಆದರೆ ಯಾರೂ ಯಾವ ಸ್ಥಾನವನ್ನೂ ತೆರವು ಮಾಡಿ ಅವರನ್ನು ಕೂಡಲೇ ಕುರ್ಚಿಗೆ ಕರೆತರಲಿಲ್ಲ. ಗಿರಿಜಾಪ್ರಸಾದ್ ಕೊಯಿರಾಲಾ ಪ್ರಧಾನಿಯಾದರು. ಭಟ್ಟರಾಯ್ ಒಂದು ತಗಡಿನ ಟ್ರಂಕು, ಒಂದು ಕೊಡೆ, ನೀರಿನ ಒಂದು ಮಣ್ಣಿನ ಹೂಜಿಯೊಂದಿಗೆ ಅಧಿಕೃತ ನಿವಾಸ ಬಿಟ್ಟು ಹೊರಟರೆಂಬುದನ್ನು ನೇಪಾಳದ ಜನ ಇಂದಿಗೂ ಕಥೆಯಂತೆ ಹೇಳುತ್ತಾರೆ. 1999ರಲ್ಲಿ ಎರಡನೆಯ ಬಾರಿ ಪ್ರಧಾನಿಯಾದಾಗ ಸ್ವಪಕ್ಷದವರೇ ಒಂದು ವರ್ಷ ತುಂಬುವ ಮೊದಲೇ ಇಳಿಸಿದರು. 2011ರಲ್ಲಿ ತೀರಿಕೊಂಡರು.

ಹೋಲಿಕೆ ಮಾಡುವುದು ಒಬ್ಬರನ್ನು ಏರಿಸಿ ಇನ್ನೊಬ್ಬರನ್ನು ಇಳಿಸಲಿಕ್ಕಲ್ಲ. ಭಟ್ಟರಾಯ್ ಟ್ರಂಕು ಹಿಡಿದು ಹೊರಟರು. ನಿಜಲಿಂಗಪ್ಪನವರು ಮರಳಿ ಬಂದು ಆರು ವರ್ಷ ಆಳಿದರು. ಆ ಆರು ವರ್ಷ ಇಲ್ಲದಿದ್ದರೆ ಇಂದಿನ ಕರ್ನಾಟಕದ ಬಹಳಷ್ಟು ಇರುತ್ತಿರಲಿಲ್ಲವೇನೋ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಶರಾವತಿಯ ವಿದ್ಯುತ್ತು ಹರಿದದ್ದು ಅದೇ ಅವಧಿಯಲ್ಲಿ. ಬೆಂಗಳೂರು ವಿಶ್ವವಿದ್ಯಾನಿಲಯ, ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿದ್ದೂ 1964ರಲ್ಲಿಯೇ. 1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಆರಂಭವಾಯಿತು. ಚಿತ್ರದುರ್ಗದ ಸಮೀಪದ ಸೀಬಾರದಲ್ಲಿ ನಿಜಲಿಂಗಪ್ಪನವರ ಸ್ಮಾರಕವನ್ನು 2011ರಲ್ಲಿ ದಲೈ ಲಾಮಾ ಬಂದು ಉದ್ಘಾಟಿಸಿದ್ದರ ಹಿಂದೆ ಈ ಋಣದ ನೆನಪಿದೆ. ಗಡಿ ವಿವಾದ ಬಗೆಹರಿಸಲು 1966ರಲ್ಲಿ ಮಹಾಜನ ಆಯೋಗ ನೇಮಕವಾದಾಗ, ಮರುವರ್ಷ ಅದರ ವರದಿ ಬಂದಾಗ, ರಾಜ್ಯದ ಚುಕ್ಕಾಣಿ ಅವರ ಕೈಯಲ್ಲಿತ್ತು.

ಪಟ್ಟಿ ದೊಡ್ಡದು. ಆದರೆ ಚಹಾದಂಗಡಿಯ ಹುಡುಗನ ಕಡೆಯಿಂದ ನೋಡಿದರೆ ಈ ಪಟ್ಟಿಯಲ್ಲಿ ಕೃಷ್ಣೆಯಿದೆ, ಶರಾವತಿಯಿದೆ. ಚಳ್ಳಕೆರೆಯನ್ನು ಹಾಯುವ ವೇದಾವತಿಯಿಲ್ಲ, ಮೊಳಕಾಲ್ಮೂರಿನ ಚಿನ್ನಹಗರಿಯಿಲ್ಲ. ಅದಕ್ಕೆ ಭೂಗೋಳದ ಕಾರಣವೂ ಇದೆ. ಪಶ್ಚಿಮಘಟ್ಟ ಮಳೆಯನ್ನೆಲ್ಲ ಹಿಂಡಿಕೊಂಡ ಮೇಲೆ ಉಳಿದ ಒಣಗಾಳಿ ಈ ಸೀಮೆಗೆ ಬರುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆಯ ಹೆಸರು ತಪ್ಪುವುದಿಲ್ಲ. 1907ರಲ್ಲಿ ಮುಗಿದ ಹಿರಿಯೂರಿನ ವಾಣಿವಿಲಾಸ ಸಾಗರ ವೇದಾವತಿಯನ್ನು ಮೇಲೆಯೇ ಹಿಡಿದಿಟ್ಟುಕೊಂಡಿದೆ. ತುಂಬಿ ಹರಿಯುವ ನದಿಗೆ ಅಣೆಕಟ್ಟು ಕಟ್ಟಿಸಬಹುದು. ನದಿಯೇ ಇಲ್ಲದ ಕಡೆ ಮುಖ್ಯಮಂತ್ರಿಯಾದರೂ ಏನು ಕಟ್ಟಿಸಬೇಕು ಎಂದು ಕೇಳುವವರುಂಟು. ಭದ್ರೆಯ ನೀರನ್ನು ಎತ್ತಿ ತರುವ ಭದ್ರಾ ಮೇಲ್ದಂಡೆ ಯೋಜನೆಗೆ ಇಡೀ ಜಿಲ್ಲೆ ದಶಕಗಳ ಕಾಲ ಹೋರಾಡಬೇಕಾಯಿತು ಎಂಬುದೇ ಅವರಿಗೆ ಉತ್ತರ. ಬೇಕೆಂದರೆ ನೀರನ್ನು ಎತ್ತಬಹುದಿತ್ತು. ಬೇಕೆನ್ನುವ ದನಿ ರಾಜಧಾನಿಗೆ ತಲುಪಲು ಇಷ್ಟು ಕಾಲ ಹಿಡಿಯಿತು.

ಎತ್ತು ಹೋದ ವರ್ಷ

1968ರಲ್ಲಿ ಅಖಿಲ ಭಾರತ ಕಾಂಗ್ರೆಸ್‌ನ ಅಧ್ಯಕ್ಷರಾದ ನಿಜಲಿಂಗಪ್ಪನವರು ಮೇ ತಿಂಗಳಲ್ಲಿ ಮುಖ್ಯಮಂತ್ರಿ ಪದವಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟು ದೆಹಲಿಗೆ ಹೋದರು. ಅವರ ಬದುಕಿನ ಅತ್ಯಂತ ದೊಡ್ಡ ಪದವಿ ಅದು. ಅತ್ಯಂತ ದೊಡ್ಡ ಸೋಲಿನ ಆರಂಭವೂ ಅದೇ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಧಿವೇಶನದಲ್ಲಿ ಬಿರುಕು ಬಹಿರಂಗವಾಯಿತು. ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರನ್ನು ಸೋಲಿಸಿ ವಿ.ವಿ. ಗಿರಿ ಆಗಸ್ಟ್‌ನಲ್ಲಿ ರಾಷ್ಟ್ರಪತಿಯಾದರು. ‘ಆತ್ಮಸಾಕ್ಷಿಯ ಮತ’ ಎಂಬ ಮಾತು ರಾಜಕೀಯದ ನುಡಿಗಟ್ಟಾದದ್ದು ಆಗ. ನವೆಂಬರ್ 12ರಂದು ಪಕ್ಷದ ಅಧ್ಯಕ್ಷರ ನೇತೃತ್ವದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನು ಕಾಂಗ್ರೆಸ್‌ನಿಂದ ಉಚ್ಚಾಟಿಸಲಾಯಿತು. ದೇಶದ ಪ್ರಧಾನಿಯನ್ನು ಪಕ್ಷದಿಂದ ಹೊರಹಾಕಿದವರು ಚಿತ್ರದುರ್ಗದ ಒಬ್ಬ ವಕೀಲ ಎಂಬುದು ಇಂದಿನ ತಲೆಮಾರಿಗೆ ನಂಬಲಾಗದ ಸಂಗತಿ.

ಅವರು ಮಾಡಿದ್ದು ಸರಿಯೇ? ಪಕ್ಷ ವ್ಯಕ್ತಿಗಿಂತ ದೊಡ್ಡದು, ಶಿಸ್ತು ಪ್ರಧಾನಿಗೂ ಅನ್ವಯಿಸಬೇಕು ಎಂಬ ಅವರ ನಿಲುವಿನಲ್ಲಿ ತತ್ವವಿತ್ತು. 1975ರ ತುರ್ತುಪರಿಸ್ಥಿತಿಯನ್ನು ಕಂಡ ಮೇಲೆ ಆ ನಿಲುವಿಗೆ ಇನ್ನಷ್ಟು ತೂಕ ಬಂದಿತು. ಆದರೆ ಅವರ ಜೊತೆಗಿದ್ದ ‘ಸಿಂಡಿಕೇಟ್’ ಹಿರಿಯರ ಗುಂಪು ಬರಿಯ ತತ್ವದ ಗುಂಪಾಗಿರಲಿಲ್ಲ. ಅಧಿಕಾರವನ್ನು ತೆರೆಯ ಹಿಂದಿನಿಂದ ನಡೆಸುವ ಅಭ್ಯಾಸ ಅವರಿಗಿತ್ತು. ಬ್ಯಾಂಕ್ ರಾಷ್ಟ್ರೀಕರಣದ ಮಾತು ಕೇಳಿ ಸಾಲಕ್ಕೆ ಸಾಹುಕಾರನ ಮನೆ ಬಾಗಿಲು ಕಾಯುತ್ತಿದ್ದ ಶೇಂಗಾ ಬೆಳೆಗಾರ ಯಾರ ಕಡೆ ನೋಡಿದ ಎಂಬುದನ್ನು ಅವರು ಅರಿಯಲಿಲ್ಲ. ತತ್ವ ಒಂದು ಕಡೆ, ಜನ ಇನ್ನೊಂದು ಕಡೆ ನಿಂತ ಗಳಿಗೆ ಅದು. ಹಿರಿಯರ ರಾಜಕಾರಣದ ದುರಂತಗಳು ಬಹುಪಾಲು ಇಂಥ ಗಳಿಗೆಯಲ್ಲೇ ಹುಟ್ಟುತ್ತವೆ.

ಒಡೆದ ಪಕ್ಷದ ಎರಡೂ ಹೋಳುಗಳಿಗೆ ಜೋಡೆತ್ತು ಸಿಗಲಿಲ್ಲ. ಇಂದಿರಾ ಬಣಕ್ಕೆ ಹಸು-ಕರು, ಸಂಸ್ಥಾ ಕಾಂಗ್ರೆಸ್‌ಗೆ ಚರಕ ನೂಲುವ ಹೆಂಗಸು. 1971ರ ಚುನಾವಣೆಯಲ್ಲಿ ನಮ್ಮ ತಾತ ಮತಪತ್ರವನ್ನು ಹಿಂದೆ ಮುಂದೆ ತಿರುಗಿಸಿ ಎತ್ತನ್ನು ಹುಡುಕಿದರಂತೆ. ಸಿಗಲಿಲ್ಲ. ‘ಎತ್ತಿಲ್ಲ ಅಂದಮೇಲೆ ಹಸುವಾದರೂ ಇದೆಯಲ್ಲ’ ಎಂದು ಒತ್ತಿ ಬಂದರು. ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಬಣದ ಪಾಲಾದವು. ನಿಜಲಿಂಗಪ್ಪನವರು ಕಟ್ಟಿ ಬೆಳೆಸಿದ ಕಾಂಗ್ರೆಸ್ ಅವರ ಸ್ವಂತ ನೆಲದಲ್ಲಿ ಒಂದೂ ಸ್ಥಾನ ಗೆಲ್ಲಲಿಲ್ಲ. ಮರುವರ್ಷ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಹೊಸ ಯುಗವೊಂದು ಶುರುವಾಯಿತು.

ಮನೆಗೆ ಮರಳುವುದು

ನಿಜಲಿಂಗಪ್ಪನವರು ತೀರಿಕೊಂಡದ್ದು 2000ದ ಆಗಸ್ಟ್ 8ರಂದು, ಚಿತ್ರದುರ್ಗದಲ್ಲಿ. ತೊಂಬತ್ತೇಳು ದಾಟಿತ್ತು. ಅಧಿಕಾರ ಬಿಟ್ಟ ಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದರು. ಅಧಿಕಾರದಲ್ಲಿದ್ದದ್ದಕ್ಕಿಂತ ಬಹಳ ದೀರ್ಘವಾದ ಕಾಲವನ್ನು ಅಧಿಕಾರವಿಲ್ಲದೆ, ಊರಿನ ಮನೆಯಲ್ಲಿ, ಕಳೆದರು ಎಂಬುದೇ ಅವರ ಬದುಕಿನ ವಿಶೇಷವೆಂದು ನನಗೆ ಅನ್ನಿಸುತ್ತದೆ. ಯೌವನದಲ್ಲಿ ಒಂದೆರಡು ಸಲ ಅವರನ್ನು ಸಭೆಗಳಲ್ಲಿ ದೂರದಿಂದ ನೋಡಿದ್ದೇನೆ. ಬಿಳಿಯ ಖಾದಿ, ನಿಧಾನದ ನಡೆ. ಸುತ್ತ ಬೆಂಗಾವಲಿರಲಿಲ್ಲ. ಮಾಜಿ ಮುಖ್ಯಮಂತ್ರಿಯೊಬ್ಬರು ಹಾಗೆ ಬಂದು ಹಾಗೆ ಹೋಗುವುದು ಅಂದು ನಮಗೆ ವಿಶೇಷವಾಗಿ ಕಾಣಲಿಲ್ಲ; ಇಂದು ಕಾಣುತ್ತಿದೆ.

ಸರಳತೆಯನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಭಟ್ಟರಾಯ್ ಅವರ ಟ್ರಂಕು, ನಿಜಲಿಂಗಪ್ಪನವರ ಖಾದಿ ನಮ್ಮ ಮನಸ್ಸನ್ನು ತಣಿಸುತ್ತವೆ. ಅವು ಹೊಲವನ್ನು ತಣಿಸಲಾರವು. ಪ್ರಾಮಾಣಿಕನಾದ ಪ್ರತಿನಿಧಿ ತನ್ನ ಕ್ಷೇತ್ರವನ್ನು ಮರೆತರೆ ಆ ಮರೆವೂ ಪ್ರಾಮಾಣಿಕವಾಗಿಯೇ ಇರುತ್ತದೆ. ಹಾಗೆಂದು ಕ್ಷೇತ್ರಕ್ಕೆ ಬೇಕಾದ್ದನ್ನೆಲ್ಲ ಮಾಡಿಸುತ್ತೇನೆಂದು ಬರುವ ಪ್ರಬಲರೂ ನಮಗೆ ಹೊಸಬರಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. 2018ರಲ್ಲಿ ಬಿ. ಶ್ರೀರಾಮುಲು ಅವರು ಬಾದಾಮಿ ಮತ್ತು ಮೊಳಕಾಲ್ಮೂರು ಎರಡರಲ್ಲೂ ನಿಂತು, ಅಲ್ಲಿ ಸೋತು ಇಲ್ಲಿ ಗೆದ್ದರು, ಮಂತ್ರಿಯಾದರು. 2023ರಲ್ಲಿ ಬಳ್ಳಾರಿ ಗ್ರಾಮಾಂತರಕ್ಕೆ ಹೋದರು. ಪಕ್ಷ ಬೇರೆ, ಕಾಲ ಬೇರೆ. ದೊಡ್ಡವರು ಹೊರಗಿನಿಂದ ಬಂದು, ಗೆದ್ದು, ಒಂದು ಅವಧಿ ಮುಗಿಸಿ ಇನ್ನೊಂದು ಕ್ಷೇತ್ರಕ್ಕೆ ಹೋಗುವ ಪರಿಪಾಠಕ್ಕೆ ಮಾತ್ರ ಇಲ್ಲಿ 1957ರಷ್ಟು ಹಳೆಯ ಇತಿಹಾಸವಿದೆ.

ಈ ನಡುವೆ ತಾಲ್ಲೂಕುಗಳೂ ಸುಮ್ಮನೆ ಕುಳಿತಿಲ್ಲ. ಎಣ್ಣೆ ಗಿರಣಿಗಳ ಊರೆಂದು ಹೆಸರಾಗಿದ್ದ ಚಳ್ಳಕೆರೆಯಲ್ಲಿ ಅನೇಕ ಗಿರಣಿಗಳು ಬಾಗಿಲು ಹಾಕಿವೆ. ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ವಿಜ್ಞಾನ ಮತ್ತು ರಕ್ಷಣಾ ಸಂಶೋಧನಾ ಸಂಸ್ಥೆಗಳ ಬೇಲಿಯೊಳಗೆ ಸೇರಿದೆ. ಕುರಿ ದನ ಮೇಯಿಸುವವರು ಬೇಲಿಯ ಹೊರಗೆ ನಿಂತಿದ್ದಾರೆ. ಮೊಳಕಾಲ್ಮೂರಿನ ಕೈಮಗ್ಗದ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ; ನೇಕಾರನ ಮಗ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾನೆ. ಸುಮಾರು 2.25 ಲಕ್ಷ ಹೆಕ್ಟೇರಿಗೆ ನೀರುಣಿಸಬೇಕಾದ ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದಾಗ ಇಲ್ಲಿಯ ಜನ ಸಿಹಿ ಹಂಚಿದವರೇ. ಘೋಷಣೆಗೂ ಕಾಲುವೆಗೂ ನಡುವಿನ ದೂರವನ್ನು ಅಳೆಯುತ್ತ ಕುಳಿತವರೂ ಅವರೇ.

ಬ್ರಹ್ಮಗಿರಿಯ ಬಂಡೆ

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿಯಿದೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇಲ್ಲಿ, ಪಕ್ಕದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ರಾಜಕುಮಾರನೂ ಅಧಿಕಾರಿಗಳೂ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಸಂದೇಶ ಅದು. ಮೊದಲು ಅವರ ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಚಿಕ್ಕವರಿಗೂ ಸಾಧ್ಯ ಎಂಬುದು ಅದರ ತಿರುಳು. ಅದೇ ಅಶೋಕ ನೇಪಾಳದ ಲುಂಬಿನಿಯಲ್ಲಿ ನಿಲ್ಲಿಸಿದ ಕಂಬದ ಮಾತು ಇನ್ನೂ ಚಿಕ್ಕದು: ಬುದ್ಧ ಹುಟ್ಟಿದ ಊರೆಂದು ಅಲ್ಲಿಗೆ ಬಂದು ಪೂಜಿಸಿದೆ, ಆ ಊರಿನ ತೆರಿಗೆ ಇಳಿಸಿದೆ ಎಂಬಷ್ಟೇ. ಬಂದದ್ದರ ಜೊತೆಗೆ ಬಂದು ಏನು ಮಾಡಿದೆ ಎಂಬುದನ್ನೂ ಚಕ್ರವರ್ತಿ ಕಲ್ಲಿನಲ್ಲಿ ಬರೆಸಿದ. ಚಹಾದಂಗಡಿಯ ಹುಡುಗ ಕೇಳಿದ್ದೂ ಇದನ್ನೇ.

ಚಕ್ರವರ್ತಿಗಳೇ ಆಗಬೇಕೆಂದಿಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೆ ಬಂದ ತಿಪ್ಪೇರುದ್ರಸ್ವಾಮಿಗಳೂ ಹೊರಗಿನಿಂದ ಬಂದವರು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದವರು, ಜನರನ್ನು ಕಟ್ಟಿಕೊಂಡು ಕೆರೆ ಕಟ್ಟಿಸಿದವರು ಎಂದು ಈ ಸೀಮೆ ಅವರನ್ನು ನೆನೆಯುತ್ತದೆ. ಪ್ರತಿ ವರ್ಷದ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ. ಬರಗಾಲದ ನಾಡು ಯಾರನ್ನು ಯಾವುದಕ್ಕಾಗಿ ನೆನಪಿಡುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ನಿಜಲಿಂಗಪ್ಪನವರ ದೊಡ್ಡತನವನ್ನು ಅಲ್ಲಗಳೆಯುವ ಅಗತ್ಯ ನನಗಿಲ್ಲ. ಚೂರುಚೂರಾಗಿದ್ದ ಕನ್ನಡ ನಾಡನ್ನು ಒಂದುಗೂಡಿಸಿದವರಲ್ಲಿ ಅವರು ಪ್ರಮುಖರು. ಗಡಿ ಅಳಿದದ್ದರಿಂದಲೇ ಇಂದು ಮೊಳಕಾಲ್ಮೂರಿನ ಹುಡುಗ ಬಳ್ಳಾರಿಯಲ್ಲಿ ಓದಿ, ಕಲಬುರ್ಗಿಯಲ್ಲಿ ಕೆಲಸ ಹಿಡಿಯಬಲ್ಲ. ಅದು ಸಣ್ಣ ಕೊಡುಗೆಯಲ್ಲ. ‘ಹೆಸರು ಬಂತು’ ಎಂದ ತಾತನ ಮಾತಿನಲ್ಲಿ ಅದೂ ಸೇರಿರಬಹುದು. ನಾಡಿಗೆ ಕೊಟ್ಟದ್ದು ಕ್ಷೇತ್ರಕ್ಕೂ ಸಂದಿತು ಎಂದು ವಾದಿಸಬಹುದು. ಆದರೆ ನಾಡು ಕಟ್ಟುವವರು ನಾಡಿನ ಒಂದು ಮೂಲೆಯಿಂದ ಆರಿಸಿ ಹೋದಾಗ ಆ ಮೂಲೆಗೂ ಒಂದು ಮಾತು ಕೊಟ್ಟಿರುತ್ತಾರೆ. ಆ ಮಾತಿನ ಲೆಕ್ಕವನ್ನು ಕೇಳುವುದು ಕೃತಘ್ನತೆಯಲ್ಲ.

ಆ ದಿನ ಬಸ್ಸು ಹೊರಡುವ ಮೊದಲು ಹುಡುಗನಿಗೆ ಇಷ್ಟನ್ನೆಲ್ಲ ಹೇಳಲಾಗಲಿಲ್ಲ. ‘ಅವರೇನು ಮಾಡಿದರು ಎಂದು ನಾನು ಬರೆದು ತಿಳಿಸುತ್ತೇನೆ. ಮುಂದಿನ ಸಲ ಯಾರಾದರೂ ದೊಡ್ಡವರು ಮತ ಕೇಳಲು ಬಂದರೆ, ಬಂದು ಏನು ಮಾಡುತ್ತೀರಿ ಎಂದು ಮೊದಲೇ ನೀನು ಕೇಳು’ ಎಂದೆ. ‘ಕೇಳಿದ್ರೆ ಹೇಳ್ತಾರಾ ಸಾರ್?’ ಎಂದ. ಚಹಾದಂಗಡಿಯಾತ ನಮ್ಮಿಬ್ಬರನ್ನೂ ನೋಡಿ, ‘ಮೊದ್ಲು ಕೇಳು, ಆಮೇಲ್ ನೋಡಾಣ’ ಎಂದು ಲೋಟ ತೊಳೆಯತೊಡಗಿದ. ಟ್ಯಾಂಕರಿನಲ್ಲಿ ತಂದ ನೀರು. ಎರಡು ಲೋಟಕ್ಕೆ ಎಷ್ಟು ಬೇಕೋ ಅಷ್ಟೇ ಸುರಿದುಕೊಂಡ.